ನೆದರ್ಲೆಂಡಿಗೆ ಹೊರಟ ನನ್ನ ಹೊಸ ಪಂಚೆಗಳು

ಬಂಧುಗಳೇ, ಇವತ್ತು ಹಿರಿಯೂರು ಬಸ್ಸಿನಲ್ಲಿ ಪರಿಚಯವಾದ ಇಬ್ಬರು ಡಚ್ ಗಂಡಸರನ್ನು ಮನೆಗೆ ಊಟಕ್ಕೆ ಕರೆತಂದೆ. ತಾವಿಬ್ಬರೂ ಮದುವೆಯಾದ ಜೋಡಿ ಎಂದು ದಾರಿಯಲ್ಲೇ ಹೇಳಿದ್ದರು.

ಮುದ್ದೆ ಬಡಿಸುತ್ತಾ ನನ್ನ ಎಂಬತ್ತರ ಅಕ್ಕ, "ಲೇ, ಇವರಿಗೆ ಮದುವೆ ಆಗೈತಾ ಕೇಳು" ಎಂದಳು. ಉಣ್ಣುವವರನ್ನು ಎಬ್ಬಿಸಿ ಕಳಿಸಿಬಿಟ್ಟಾಳೆಂದು ಹೆದರಿ, "ಇಲ್ಲಕ್ಕ, ಬರೀ ಸ್ನೇಹಿತರು" ಎಂದೆ.

ಅಷ್ಟಕ್ಕೇ ಬಿಡುವವಳೇ? "ಜವನಗೊಂಡನಹಳ್ಳಿಯಾಗೆ ಇಬ್ರು ಹುಡುಗೀರವ್ರೆ, ಸಂಜೆ ನೋಡ್ಕಂಡು ಬರಾಣ" ಎಂದು ಫೋನ್ ಎತ್ತಿಕೊಂಡಳು.

ಕೊನೆಗೆ ಬಾಯಿಬಿಟ್ಟೆ. "ಅಕ್ಕಾ, ಇವರು ಒಬ್ರನ್ನೊಬ್ರು ಮದುವೆ ಆಗವ್ರೆ."

ಅಕ್ಕ ಫೋನ್ ಕೆಳಗಿಟ್ಟಳು. ಅವಳ ಮುಖ ನೋಡಿ ಅತಿಥಿಗಳ ಕೈಯಲ್ಲಿ ಮುದ್ದೆ ಅಲ್ಲೇ ನಿಂತಿತು.

"ಥೂ ನಿನ್ನ! ಲಗ್ನ ಆದ ಜೋಡಿ ಮೊದಲ್ನೇ ಸಲ ಮನಿಗೆ ಬಂದೈತೆ. ಬರಿಗೈಲಿ ಕಳಿಸಿದ್ರೆ ನನ್ನ ಮರ್ಯಾದಿ ಏನಾಗ್ಬೇಕಿತ್ತಲೇ?"

ಊಟವಾದ ಮೇಲೆ ಇಬ್ಬರನ್ನೂ ಜೋಡಿಯಾಗಿ ಚಾಪೆಯ ಮೇಲೆ ಕೂರಿಸಿ, ಕುಂಕುಮ ಇಟ್ಟು, ಒಬ್ಬೊಬ್ಬರಿಗೂ ಒಂದು ತೆಂಗಿನಕಾಯಿ, ಒಂದು ಹೊಸ ಪಂಚೆ ಕೊಟ್ಟಳು. ಎರಡೂ ನಾನು ಯುಗಾದಿಗೆಂದು ಎತ್ತಿಟ್ಟಿದ್ದ ಪಂಚೆಗಳು.

ಹಬ್ಬಕ್ಕೆ ಬಂದವರು ನನ್ನನ್ನು ಹಳೇ ಪಂಚೆಯಲ್ಲಿ ನೋಡಿದರೆ ಅಕ್ಕನ ಮುಂದೆ ಕಾರಣ ಮಾತ್ರ ಕೇಳಬೇಡಿ. ಮತ್ತೆ ಮೊದಲಿನಿಂದ ಬೈಯುತ್ತಾಳೆ.