ಎತ್ತಿ ನೋಡದ ಕಂಬಳಿ

ಬಂಡೆಯ ಮಗ್ಗುಲಲ್ಲಿ ಯಾರಾದರೂ ಕಂಬಳಿ ಹೊದ್ದು ಮಲಗಿರುವುದನ್ನು ಕಂಡರೆ ನಾನು ಈಗಲೂ ದಾರಿ ಬಳಸಿ ಹೋಗುತ್ತೇನೆ. ನಮ್ಮ ಚಳ್ಳಕೆರೆ ಸೀಮೆಯಲ್ಲಿ ಬಂಡೆಗೂ ಬರವಿಲ್ಲ, ಕಂಬಳಿಗೂ ಬರವಿಲ್ಲ. ಹೀಗಾಗಿ ನನ್ನ ಅರ್ಧ ಆಯುಷ್ಯ ದಾರಿ ಬಳಸುವುದರಲ್ಲೇ ಹೋಗಿದೆ. ಜನ ಇದನ್ನು ಮುದುಕನ ತಿಕ್ಕಲು ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ, ನನಗೇನೂ ನಷ್ಟವಿಲ್ಲ.

ನಮ್ಮದು ಕಂಬಳಿ ನೇಯುವ ಮನೆ. ಚಳ್ಳಕೆರೆಗೆ ಅರ್ಧ ದಿನದ ನಡಿಗೆಯ ಹಳ್ಳಿ. ಅವ್ವ ಉಣ್ಣೆ ನೂಲುತ್ತಿದ್ದಳು, ನಾನೂ ಅಣ್ಣನೂ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದೆವು. ಹುಣಸೆಬೀಜದ ಗಂಜಿ ಹಚ್ಚಿದ ನೂಲು ಅಂಗಳದ ಉದ್ದಕ್ಕೂ ಒಣಗುತ್ತಿತ್ತು. ಆ ವಾಸನೆ ನಮ್ಮ ಅನ್ನದಲ್ಲೂ ಇತ್ತು, ಹಾಸಿಗೆಯಲ್ಲೂ ಇತ್ತು.

ಅಣ್ಣ ಮದುವೆಯಾಗಿ ತಂದವಳು ಮೊಳಕಾಲ್ಮೂರಿನ ಆಚೆ ದೇವಸಮುದ್ರದ ಕಡೆಯವಳು. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಏನಾದರೂ ಒಡೆದರೆ, ಚೆಲ್ಲಿದರೆ ‘ಪೋನೀಲೆ’, ಹೋಗಲಿ ಬಿಡು, ಎಂದು ನಕ್ಕು ಮುಂದಿನ ಕೆಲಸಕ್ಕೆ ಹೋಗುವವಳು. ನೂಲುವುದರಲ್ಲಿ ನಮ್ಮ ಅವ್ವನನ್ನೇ ಮೀರಿಸುತ್ತಿದ್ದಳು. ಆದರೆ ಎಡಚಿ. ಎಲ್ಲರ ನೂಲಿನ ಹುರಿ ಒಂದು ಕಡೆಗೆ ತಿರುಗಿದರೆ ಇವಳದು ಇನ್ನೊಂದು ಕಡೆಗೆ. ಬೇರೆ ನೂಲಿನ ಜೊತೆ ಸೇರಿಸಿ ನೇಯ್ದರೆ ಕಂಬಳಿ ಒಂದೇ ಹದಕ್ಕೆ ಬಾರದೆ ಅಲ್ಲಲ್ಲಿ ಉಬ್ಬುತ್ತಿತ್ತು. ಅವ್ವ ಗೊಣಗಿದಳು. ಅಣ್ಣ ಮಾತ್ರ ಅವಳ ನೂಲನ್ನೆಲ್ಲ ಬೇರೆಯಾಗಿ ಎತ್ತಿಟ್ಟು, ವರ್ಷವಾದ ಮೇಲೆ ಅದರಿಂದಲೇ ತನಗೊಂದು ಕಂಬಳಿ ನೇಯ್ದುಕೊಂಡ. ಹಾಸೂ ಅದೇ, ಹೊಕ್ಕೂ ಅದೇ. ಚಳ್ಳಕೆರೆ ಕಂಬಳಿ ದೇಶದಲ್ಲೆಲ್ಲ ಸಿಕ್ಕೀತು, ಆದರೆ ಪೂರಾ ಎಡಗೈ ನೂಲಿನ ಕಂಬಳಿ ಇನ್ನೊಂದು ಇರಲಿಲ್ಲ. ಕಣ್ಣು ಮುಚ್ಚಿ ಮುಟ್ಟಿದರೂ ನನ್ನ ಬೆರಳಿಗೆ ತಿಳಿಯುತ್ತಿತ್ತು.

ಮರುವರ್ಷ ಪ್ಲೇಗು ಬಂತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು. ಅತ್ತಿಗೆಗೆ ಗಡ್ಡೆ ಎದ್ದಿತು. ಆಗ ಅಣ್ಣ, ಇವಳು ಬದುಕಿದರೆ ಕೇದಾರಕ್ಕೆ ನಡೆದು ಬರುತ್ತೇನೆ ಎಂದು ಹರಕೆ ಹೊತ್ತ. ಭಿಕ್ಷಕ್ಕೆ ಬರುತ್ತಿದ್ದ ಒಬ್ಬ ಜಂಗಮಯ್ಯ ಹಿಮದ ನಡುವಿನ ಆ ಗುಡಿಯ ಕಥೆ ಹೇಳಿ ಅವನ ತಲೆ ತುಂಬಿದ್ದ. ಅತ್ತಿಗೆ ಬದುಕಿದಳು. ಯುಗಾದಿ ಮುಗಿಸಿಕೊಂಡು ಅಣ್ಣ ಆ ಕಂಬಳಿಯನ್ನೇ ಹೆಗಲಿಗೆ ಹಾಕಿಕೊಂಡು ಹೊರಟ. ದೀಪಾವಳಿಗೆ ಬರಬೇಕಿತ್ತು, ಬರಲಿಲ್ಲ. ಮುಂದಿನ ದೀಪಾವಳಿಗೂ ಬರಲಿಲ್ಲ.

ಹೀಗೆ ಹೋದವರಿಗೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮೂರು ವರ್ಷ ಕಾಯುವುದು. ಆಮೇಲೆ ಜೋಳದ ದಂಟಿನಲ್ಲಿ ಆಳಿನ ಆಕಾರ ಮಾಡಿ, ಪಂಚೆ ಸುತ್ತಿ, ಮಣ್ಣು ಮಾಡುವುದು. ಹೆಂಡತಿಯ ಬಳೆ ತೆಗೆಸುವುದು. ಅಲ್ಲಿಂದಾಚೆ ಅವಳು ಇಷ್ಟಪಟ್ಟರೆ ಇನ್ನೊಬ್ಬನ ಜೊತೆ ಕೂಡಿಕೆ ಮಾಡಿಕೊಳ್ಳಬಹುದು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ರಾಂಪುರದ ಒಬ್ಬ ಕುರಿಗಾರ, ಹೆಂಡತಿ ಸತ್ತವನು, ಒಳ್ಳೆಯವನು, ಆಗಲೇ ಹೇಳಿ ಕಳಿಸಿದ್ದ. ಮೂರನೆಯ ವರ್ಷ ಹಿರಿಯರು ಸೇರಿದಾಗ ಅತ್ತಿಗೆ ಬಾಗಿಲ ಸಂದಿಯಿಂದಲೇ ಮಾತಾಡಿದಳು.

“ದಂಟಿನ ಬೊಂಬೆ ನೋಡಿ ನಾನು ಬಳೆ ತೆಗಿಯಲ್ಲರೀ. ಯಾರಾದ್ರೂ ಹೋಗಿ ನೋಡ್ಕೊಂಡ್ ಬರ್ಲಿ. ಅದಾನೆ ಅಂದ್ರೆ ಕಾಯ್ತೀನಿ. ಇಲ್ಲ ಅಂದ್ರೆ ನನ್ ದಾರಿ ನಾನು ನೋಡ್ಕೊಂತೀನಿ.”

ಹೋಗುವವನು ನಾನೇ. ಮನೆಯಲ್ಲಿ ಇನ್ನು ಯಾರಿದ್ದರು? ಇವನು ಬಂದು ಏನು ಹೇಳುತ್ತಾನೋ ಅದೇ ಕೊನೆಯ ಮಾತು ಎಂದು ಹಿರಿಯರು ತೀರ್ಮಾನ ಮಾಡಿದರು. ಇಪ್ಪತ್ತು ತುಂಬಿದ ನನಗೆ ಆಗ ಅದರ ಭಾರ ತಿಳಿಯಲಿಲ್ಲ. ರೈಲು ಹತ್ತುವ ಸಂಭ್ರಮವೇ ದೊಡ್ಡದಾಗಿತ್ತು.

ಬಳ್ಳಾರಿಯವರೆಗೆ ನಡೆದು, ರೈಲು ಹತ್ತಿ, ಎಲ್ಲೆಲ್ಲೋ ಇಳಿದು ಹತ್ತಿ ಹರಿದ್ವಾರ ಸೇರಿದೆ. ಅಲ್ಲಿಂದ ಮೇಲಕ್ಕೆ ಕಾಲುದಾರಿ. ಯಾತ್ರಿಕರು ಗುಂಪು ಗುಂಪಾಗಿ ಹಾಡಿಕೊಂಡು ಹೋಗುತ್ತಿದ್ದರು. ನನಗೆ ಅವರ ಭಾಷೆ ಬಾರದು, ಅವರ ನಿಧಾನವಂತೂ ಸಹಿಸಲಾಗದು. ಒಬ್ಬನೇ ಮುಂದೆ ಹೋದೆ. ಬಯಲುಸೀಮೆಯ ಕಾಲು, ದಿನವಿಡೀ ನಡೆದರೂ ಏನಾಗುತ್ತದೆ ಎಂಬ ಸೊಕ್ಕು ಬೇರೆ. ಸಿಕ್ಕ ಸಿಕ್ಕ ಛತ್ರದಲ್ಲಿ ಅಣ್ಣನ ಎತ್ತರ, ಕಂಬಳಿಯ ಬಣ್ಣ ಕೈಸನ್ನೆಯಲ್ಲಿ ಕೇಳುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಹೌದೆಂದೋ ಅಲ್ಲವೆಂದೋ ತಿಳಿಯುತ್ತಿರಲಿಲ್ಲ.

ಕೇದಾರದಲ್ಲಿ ಪೂಜೆ ಮಾಡುವವರು ನಮ್ಮ ಕಡೆಯವರೇ ಎಂದು ಜಂಗಮಯ್ಯ ಹೇಳಿದ್ದು ಸುಳ್ಳಲ್ಲ. ಅವರ ಜೊತೆ ಬಂದು ಅಲ್ಲೇ ಉಳಿದಿದ್ದ ಒಬ್ಬ ಮುದುಕರು ಗುಡಿಯ ಹಿಂದೆ ಸೌದೆ ಒಡೆಯುತ್ತಿದ್ದರು. ಎರಡು ತಿಂಗಳ ಮೇಲೆ ಕಿವಿಗೆ ಬಿದ್ದ ಕನ್ನಡ. ನನಗೆ ಅಳುವೇ ಬಂತು. ಅಣ್ಣನ ವಿಷಯ ಕೇಳಿದ ಕೂಡಲೇ ಅವರು ಕೊಡಲಿ ಕೆಳಗಿಟ್ಟರು.

“ಬಂದಿದ್ದನಪ್ಪಾ. ಪೂಜೆ ಮಾಡಿಸ್ದ. ಮಾರನೇ ದಿನ ಮೇಲೆ ಒಂದು ಕೆರೆ ಐತಂತೆ, ನೋಡ್ಕೊಂಡು ಬರ್ತೀನಿ ಅಂದ. ಬ್ಯಾಡ ಅಂದೆ. ಕೇಳ್ಲಿಲ್ಲ. ತಿರುಗಿ ಬಂದಿದ್ದು ನಾನಂತೂ ನೋಡ್ಲಿಲ್ಲ. ಆ ಕಡೆ ಇಳಿದು ಹೋಗಿದ್ರೂ ಹೋಗಿರಬೌದು.”

ನಾನು ಹೋಗಿ ನೋಡುತ್ತೇನೆ ಎಂದೆ. ಮೇಲೆ ವಿಷದ ಹೂವುಗಳಿವೆ, ಅದರ ಗಾಳಿ ಕುಡಿದರೆ ತಲೆ ಕೆಡುತ್ತದೆ ಎಂದು ಅಲ್ಲಿಯ ಜನ ನಂಬಿದ್ದರು. ಮುದುಕರು ಅದನ್ನೇ ಹೇಳಿ, ಬೆಳ್ಳುಳ್ಳಿ ಎಸಳುಗಳನ್ನು ನನ್ನ ಅಂಗೈಗೆ ಹಾಕಿದರು. “ತಲೆ ಸಿಡಿಯಾಕ ಶುರುವಾದ್ರೆ ಕೂರಬ್ಯಾಡ, ಮಲಗಬ್ಯಾಡ. ಇಳಿದು ಬಾ. ಇಳಿಯೋದೊಂದೇ ಮದ್ದು” ಎಂದರು. ನಾನು ಹೂಂಗುಟ್ಟಿದೆ.

ಬೆಳಕು ಹರಿದ ಮೇಲೆ ಒಬ್ಬನೇ ಹೊರಟೆ. ಗುಡಿ ಕೆಳಗೆ ಸಣ್ಣದಾಗುವ ಹೊತ್ತಿಗೆ ಹಣೆಯಲ್ಲಿ ನೋವು ಶುರುವಾಯಿತು. ನಮ್ಮೂರಲ್ಲಿ ತಲೆ ಹೀಗೆ ಸಿಡಿದರೆ ಎಲ್ಲರಿಗೂ ಗೊತ್ತಿರುವ ಕಾರಣ ಒಂದೇ, ಬಿಸಿಲು ಹೊಡೆದಿದೆ. ಮದ್ದೂ ಒಂದೇ, ರುಮಾಲು ಒದ್ದೆ ಮಾಡಿ ತಲೆಗೆ ಸುತ್ತಿ ನೆರಳಲ್ಲಿ ಮಲಗುವುದು. ಮುದುಕರ ಮಾತು ಮರೆತೇಹೋಯಿತು. ಹಿಮ ಕರಗಿ ಹರಿಯುತ್ತಿದ್ದ ನೀರಿನಲ್ಲಿ ರುಮಾಲು ಅದ್ದಿ ಸುತ್ತಿಕೊಂಡೆ, ಬಂಡೆಯ ನೆರಳು ಹುಡುಕಿ ಮಲಗಿದೆ. ಚಳ್ಳಕೆರೆಯವನಲ್ಲದೆ ಇನ್ಯಾವ ದಡ್ಡನೂ ಹಿಮದ ಮಧ್ಯೆ ನೆರಳು ಹುಡುಕಲಾರ! ಸ್ವಲ್ಪ ಹೊತ್ತಿಗೆ ರುಮಾಲು ತಲೆಯ ಮೇಲೆಯೇ ಹೆಪ್ಪುಗಟ್ಟಿ ಬಿರುಸಾಯಿತು. ಏಳಲು ಹೋದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು.

ಆಗ ಇಳಿಯಬೇಕಿತ್ತು. ಆದರೆ ಅಣ್ಣ ಕಾಣಿಸಿದ.

ಮುಂದಿನ ಏರಿನಲ್ಲಿ, ಒಂದು ಕೂಗಿನಷ್ಟು ದೂರದಲ್ಲಿ, ಬೆನ್ನು ಹಾಕಿಕೊಂಡು ಹತ್ತುತ್ತಿದ್ದ. ಎಡಗಾಲನ್ನು ಸ್ವಲ್ಪ ಎಳೆದು ಹಾಕುವ ಅದೇ ನಡಿಗೆ. ಕೂಗಿದೆ. ಕೂಗಿದ ಉಸಿರು ಮತ್ತೆ ತುಂಬಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ಹತ್ತು ಹೆಜ್ಜೆ ಇಡುವುದು, ಮೊಣಕಾಲಿಗೆ ಕೈಯೂರಿ ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಎದೆಯೊಳಗೆ ತಿದಿ ಒತ್ತಿದ ಹಾಗೆ ಸದ್ದು. ನಾನು ನಿಂತರೆ ಅವನೂ ನಿಲ್ಲುತ್ತಿದ್ದ. ತಿರುಗಿ ಮಾತ್ರ ನೋಡುತ್ತಿರಲಿಲ್ಲ. ಬೆಳ್ಳುಳ್ಳಿ ಅಗಿದೆ, ಅದೂ ವಾಂತಿಯಾಯಿತು. ನನಗೆ ಭಯವಿರಲಿಲ್ಲ. ಅಣ್ಣ ಸಿಕ್ಕ, ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂಬ ಸಂತೋಷವೇ ಇತ್ತು. ಅದನ್ನು ನೆನೆಸಿಕೊಂಡರೆ ಈಗ ಭಯವಾಗುತ್ತದೆ.

ಕೊನೆಗೆ ಅವನು ಒಂದು ದೊಡ್ಡ ಬಂಡೆಯ ಹಿಂದೆ ಮರೆಯಾದ. ತೆವಳಿಕೊಂಡೇ ಹೋದೆ. ಬಂಡೆಯ ಹಿಂದೆ ಯಾರೂ ಇರಲಿಲ್ಲ. ಅದರ ಬುಡದ ಪೊಟರೆಯಲ್ಲಿ ಕಪ್ಪು ಕಂಬಳಿಯೊಂದು ಇತ್ತು. ಅರ್ಧ ಹಿಮದಲ್ಲಿ ಹೂತಿತ್ತು, ಉಳಿದರ್ಧ ಉಬ್ಬಿಕೊಂಡಿತ್ತು. ಕೆಳಗೆ ಕಲ್ಲಿದ್ದರೂ ಹಾಗೆ ಉಬ್ಬುತ್ತದೆ. ಕಾಲು ಮಡಚಿಕೊಂಡು ಒಬ್ಬ ಮನುಷ್ಯ ಮಲಗಿದ್ದರೂ ಹಾಗೆಯೇ ಉಬ್ಬುತ್ತದೆ.

ಕೈ ಚಾಚಿ ಅಂಚನ್ನು ಮುಟ್ಟಿದೆ. ಒಂದು ಎಳೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಹೊಸೆದೆ. ಹುರಿ ಎಡಕ್ಕೆ ಇತ್ತು. ಇನ್ನೊಂದು ಎಳೆ ಹಿಡಿದೆ. ಅದೂ ಎಡಕ್ಕೆ.

ನಾನು ಕಂಬಳಿ ಎತ್ತಲಿಲ್ಲ. ಬಂಡೆಯ ಆಚೆ ಯಾರೋ ಕೆಮ್ಮಿದಂತಾಯಿತು, ಥೇಟ್ ಅಣ್ಣನ ಕೆಮ್ಮು. ಅಷ್ಟು ಹೊತ್ತು ಇಲ್ಲದಿದ್ದ ಭಯ ಒಮ್ಮೆಗೇ ಬಂತು. ಓಡಿದೆ, ಬಿದ್ದೆ, ಜಾರಿದೆ, ಮತ್ತೆ ಓಡಿದೆ. ಗುಡಿಯ ಹತ್ತಿರ ಬಂದು ಬಿದ್ದವನನ್ನು ಮುದುಕರು ಬೈಯುತ್ತಲೇ ಎಳೆದುಕೊಂಡು ಹೋಗಿ, ಮೈ ಬೆಚ್ಚಗೆ ಮಾಡಿ, ಇಲ್ಲೂ ಇರಬೇಡ ಎಂದು ಕೆಳಗಿಳಿಯುವವರ ಜೊತೆ ಕಳಿಸಿಬಿಟ್ಟರು. ಗೌರಿಕುಂಡದ ಬಿಸಿನೀರಿನಲ್ಲಿ ಕೂತಾಗ ತಲೆನೋವು ಬಿಟ್ಟಿತು. ಉಸಿರು ಸಲೀಸಾಯಿತು, ಹಸಿವೂ ಆಯಿತು. ಮತ್ತೆ ಹತ್ತಿ ಹೋಗಿ ಆ ಕಂಬಳಿ ಎತ್ತಿ ನೋಡುವ ಶಕ್ತಿ ಮೈಗೆ ಬಂದಿತ್ತು. ಮೂರು ದಿನ ಅಲ್ಲೇ ಕೂತಿದ್ದೆ. ನಾಲ್ಕನೆಯ ದಿನ ಊರಿನ ಕಡೆ ಮುಖ ಮಾಡಿದೆ.

ದಾರಿಯುದ್ದಕ್ಕೂ ನನಗೆ ನಾನೇ ವಕೀಲನಾದೆ. ಅಣ್ಣ ನಡೆಯುತ್ತಿದ್ದುದನ್ನು ಕಂಡೆ, ಅದು ಸುಳ್ಳು. ಕೆಮ್ಮು ಕೇಳಿದೆ, ಅದೂ ಸುಳ್ಳು. ಹಾಗಾದರೆ ಮರಗಟ್ಟಿದ ಬೆರಳಿಗೆ ತಿಳಿದ ಹುರಿ ಮಾತ್ರ ಹೇಗೆ ನಿಜ? ವಾದ ಚೆನ್ನಾಗಿತ್ತು. ಆದರೆ ರಾಂಪುರ ದಾಟಿ, ಮೊಳಕಾಲ್ಮೂರು ದಾಟಿ, ನಮ್ಮ ಹೊಲದ ಬದುವಿಗೆ ಬಂದಾಗಲೂ ನನ್ನ ಹೆಬ್ಬೆರಳು ತೋರುಬೆರಳನ್ನು ಎಡಕ್ಕೆ ಹೊಸೆಯುತ್ತಲೇ ಇತ್ತು.

ಹಿರಿಯರು ಕಟ್ಟೆಯ ಮೇಲೆ ಕೂತರು. ಅತ್ತಿಗೆ ಈ ಸಲ ಬಾಗಿಲ ಹಿಂದೆ ನಿಲ್ಲದೆ ಎದುರಿಗೇ ಬಂದಳು.

“ಕಂಬ್ಳಿ...” ಎಂದಳು.

“ಕಂಬ್ಳೀನೂ ಕಾಣ್ಲಿಲ್ಲ, ಅಣ್ಣನೂ ಕಾಣ್ಲಿಲ್ಲ. ಆ ಕಡೆ ಇಳಿದು ಹೋಗ್ಯಾನೆ ಅಂತಾರೆ” ಎಂದೆ. ಅವಳ ಮಾತು ಮುಗಿಯುವ ಮೊದಲೇ ಅಂದುಬಿಟ್ಟೆ.

ಯಾಕೆ ಅಂದೆ? ಅವಳ ಬಳೆ ಉಳಿಯಲಿ ಎಂಬ ಕರುಣೆಯಿಂದ ಎಂದು ಬಹಳ ವರ್ಷ ನಂಬಿದ್ದೆ. ಅದು ಶುದ್ಧ ಸುಳ್ಳು. ಕಂಬಳಿ ಕಂಡೆ ಎಂದರೆ ಮುಂದಿನ ಪ್ರಶ್ನೆ, ಎತ್ತಿ ನೋಡಿದೆಯಾ ಎಂಬುದು. ಒಡಹುಟ್ಟಿದವನನ್ನು ಹಿಮದಲ್ಲಿ ಬಿಟ್ಟು ಓಡಿ ಬಂದೆ ಎಂದು ಹತ್ತು ಜನರ ಎದುರಿಗೆ ಹೇಳಲಾರದೆ ಒಬ್ಬ ಹೆಂಗಸಿನ ಆಯುಷ್ಯಕ್ಕೆ ಬೀಗ ಹಾಕಿದೆ. ದಂಟಿನ ಬೊಂಬೆ ಮಾಡಲಿಲ್ಲ. ರಾಂಪುರದ ಕುರಿಗಾರ ಒಂದು ವರ್ಷ ನೋಡಿ ಬೇರೆಯವಳನ್ನು ಕೂಡಿಕೆ ಮಾಡಿಕೊಂಡ. ಆ ಸುದ್ದಿ ಬಂದ ದಿನ ಅತ್ತಿಗೆ ಇಡೀ ದಿನ ನೂಲುತ್ತಲೇ ಇದ್ದಳು.

ಆಮೇಲೆ ಅವ್ವ ಹೋದಳು. ನನಗೆ ಮದುವೆಯಾಯಿತು, ಮಕ್ಕಳಾದವು, ಮಕ್ಕಳಿಗೂ ಮದುವೆಯಾಯಿತು. ಅತ್ತಿಗೆ ಅದೇ ಮೂಲೆಯಲ್ಲಿ ಕೈತುಂಬ ಬಳೆ ತೊಟ್ಟು ಮುದುಕಿಯಾದಳು. ನಾನು ಅವಳ ನೂಲನ್ನು ಒಮ್ಮೆಯೂ ಮಗ್ಗಕ್ಕೆ ಏರಿಸಲಿಲ್ಲ, ಬೇರೆಯವರಿಗೆ ಕೊಟ್ಟುಬಿಡುತ್ತಿದ್ದೆ. ಅವಳು ಯಾಕೆ ಎಂದು ಕೇಳಲಿಲ್ಲ. ಕೇಳದಿದ್ದುದೇ ನನ್ನನ್ನು ಸುಡುತ್ತಿತ್ತು.

ಹೋದ ಬೇಸಿಗೆಯಲ್ಲಿ ನನಗೆ ಜ್ವರ ಬಂದು ಇಳಿದಿತ್ತು. ಒಂದು ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಒದ್ದೆ ರುಮಾಲು, ಅಣ್ಣನ ಬೆನ್ನು, ಬಂಡೆ, ಎಡಕ್ಕೆ ತಿರುಗಿದ ಹುರಿ. ಅವಳು ಕೈಯಲ್ಲಿದ್ದ ಎಳೆ ಮುಗಿಸಿ, ಉಣ್ಣೆ ಪಕ್ಕಕ್ಕಿಟ್ಟಳು.

“ಎತ್ತಿ ನೋಡ್ಲಿಲ್ವಾ?”

“ಇಲ್ಲ ಅತ್ತಿಗೆಮ್ಮ.”

“ಹೆದ್ರಿಕೆ ಆತಾ?”

“ಆತು.”

“ಅಷ್ಟು ಹೇಳಿದ್ರೆ ಸಾಕಿತ್ತಲ್ಲೋ. ಹೆದ್ರಿದೆ ಅಂದಿದ್ರೆ ನಾನು ಬೈತಿದ್ನಾ?” ಅವಳ ದನಿ ಏರಲೇ ಇಲ್ಲ. “ಅವತ್ತು ನೀನು ಬಾಯಿ ಬಿಟ್ಟಾಗ್ಲೇ ಸುಳ್ಳು ಅಂತ ನಂಗೆ ಗೊತ್ತಾತು. ಆದ್ರೆ ನಿನ್ ಮಾತೇ ಕೊನೇ ಮಾತು ಅಂದಿದ್ರಲ್ಲ ಹಿರೇರು. ನಿಮ್ಮಣ್ಣನ್ನ ನಾನು ಕಾದಿದ್ದು ಮೂರೇ ವರ್ಷ. ಆಮ್ಯಾಕೆ ಕಾದಿದ್ದೆಲ್ಲ ನಿನ್ನ.”

ಅವಳು ಬಳೆ ತೆಗೆಯತೊಡಗಿದಳು. ಒಡೆಯಬೇಕಾಗಿರಲಿಲ್ಲ. ಕೈ ಅಷ್ಟು ಸೊರಗಿಹೋಗಿತ್ತು, ಒಂದೊಂದಾಗಿ ತಾವೇ ಜಾರಿ ಬಂದವು. ನಾನು ಎದ್ದು ಹೊರಗೆ ಹೋಗಲು ನೋಡಿದೆ.

“ಕೂತ್ಕೊ” ಎಂದಳು. “ಇದನ್ನಾದ್ರೂ ನೋಡು.”

ಕೂತು ನೋಡಿದೆ, ಕೊನೆಯ ಬಳೆಯವರೆಗೂ.