ಒದ್ದೆ ಹಗ್ಗದ ಒಂದೂಕಾಲು ಅಡಿ

ಬೆಳಗಿನ ಐದೂವರೆ. ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ, ಉತ್ತರದ ಗೋಲಿನ ಮುಂದೆ ಒಬ್ಬರು ಮೊಣಕಾಲೂರಿ ಕೂತು ನೂಲಿನ ಹಗ್ಗವೊಂದನ್ನು ಕೆನ್ನೆಗೆ ಒತ್ತಿ ನೋಡುತ್ತಿದ್ದಾರೆ. ಸುಣ್ಣ ಹಿಡಿದು ಹಿಡಿದು ಅಂಗೈ ಒರಟಾಗಿದೆ, ಅದಕ್ಕೆ ತೇವ ಗೊತ್ತಾಗುವುದಿಲ್ಲ. ಕೆನ್ನೆ ಮಾತ್ರ ಸುಳ್ಳು ಹೇಳುವುದಿಲ್ಲವಂತೆ. ಹಗ್ಗ ಒಣಗಿದೆ ಎಂದು ಖಾತ್ರಿಯಾದ ಮೇಲೆಯೇ ಗೋಲಿನ ಗೆರೆಯ ಮೇಲೆ ಗೂಟ ನೆಟ್ಟು ಎಳೆಯುತ್ತಾರೆ. ಹಗ್ಗಕ್ಕೆ ಕಟ್ಟಿದ ಕೆಂಪು ದಾರ ಎಲ್ಲಿ ಬೀಳುತ್ತದೋ ಅಲ್ಲಿ ಒಂದು ಹಿಡಿ ಸುಣ್ಣದ ಪುಡಿ ಹಾಕಿದರೆ ಪೆನಾಲ್ಟಿ ಚುಕ್ಕಿ ಸಿದ್ಧ.

ಮೂವತ್ಮೂರು ವರ್ಷದಿಂದ ಈ ಮೈದಾನ ನೋಡಿಕೊಳ್ಳುತ್ತಿರುವ ಇವರು ಹುಡುಗರ ಬಾಯಲ್ಲಿ ‘ಹಗ್ಗದಣ್ಣ’. ಪಂದ್ಯವಿದ್ದ ದಿನ ಸುಣ್ಣದ ಗಾಡಿ ತಳ್ಳುತ್ತಾ ಎರಡು ಮೈಲಿಯಾದರೂ ನಡೆಯುತ್ತಾರೆ. ಗೋಲು ಹೊಡೆದವನ ಫೋಟೋ ಪೇಪರಿನಲ್ಲಿ ಬರುತ್ತದೆ, ಗೆರೆ ಎಳೆದವರದ್ದು ಬರುವುದಿಲ್ಲ. ಇವರಿಗೆ ಅದರ ಬೇಸರವೇನೂ ಇಲ್ಲ. ಈ ತಿಂಗಳ ಕೊನೆಗೆ ನಿವೃತ್ತಿ. ಅಷ್ಟರೊಳಗೆ ಒಂದನ್ನು ಕಣ್ತುಂಬ ನೋಡುವ ಆಸೆಯಿದೆ, ಅದು ಶೀಲ್ಡ್.

ಹೊಳೆಯ ಈಚೆ ಒಂದು ವಿಶ್ವವಿದ್ಯಾಲಯ, ಆಚೆ ಇನ್ನೊಂದು. ನಡುವೆ ಸೇತುವೆ, ವರ್ಷಕ್ಕೊಂದು ಪಂದ್ಯ, ಗೆದ್ದವರಿಗೆ ಒಂದು ಹಳೆಯ ಹಿತ್ತಾಳೆ ಶೀಲ್ಡ್. ಇದುವರೆಗೆ ಐವತ್ತೆಂಟು ಪಂದ್ಯಗಳಾಗಿವೆ: ಅವರು ಇಪ್ಪತ್ತೇಳು, ನಮ್ಮವರು ಇಪ್ಪತ್ನಾಲ್ಕು, ಉಳಿದ ಏಳು ಸಮ. ಒಮ್ಮೆ ಆಚೆಯವರು ನಮ್ಮ ಗೋಲು ಕಂಬಗಳಿಗೆ ತಮ್ಮ ಹಸಿರು ಬಣ್ಣ ಬಳಿದು ಹೋಗಿದ್ದರು. ಮರುವರ್ಷ ನಮ್ಮವರು ಅವರ ಮೈದಾನದ ಬಲೆಗಳನ್ನು ಬಿಚ್ಚಿ ಅವರದೇ ಗ್ರಂಥಾಲಯದ ಬಾಗಿಲಿಗೆ ಕಟ್ಟಿ ಬಂದರು. ಎರಡೂ ಸಲ ಹಗ್ಗದಣ್ಣ ಬೈದದ್ದು ನಮ್ಮ ಹುಡುಗರನ್ನೇ.

ಈ ಶೀಲ್ಡ್ ಈಚೆ ದಡ ಕಂಡು ಇಪ್ಪತ್ತೊಂದು ವರ್ಷ. ಕಾರಣ ಕೇಳಿದರೆ ಹಾಸ್ಟೆಲಿನ ಹುಡುಗರು ತಮಾಷೆಗೆ ‘ಹಗ್ಗದ ಶಾಪ’ ಎನ್ನುತ್ತಾರೆ. ಆ ಕಥೆಯನ್ನು ಹಗ್ಗದಣ್ಣನೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಆ ವರ್ಷ ಪಂದ್ಯದ ಮುನ್ನಾದಿನ ಮಳೆ ಬಂದು ಉತ್ತರದ ಪೆನಾಲ್ಟಿ ಚುಕ್ಕಿ ಕೊಚ್ಚಿ ಹೋಯಿತು. ಬೆಳಿಗ್ಗೆ ಅವಸರದಲ್ಲಿ, ಹೊರಗೆ ನೆನೆದು ಬಿದ್ದಿದ್ದ ಹಗ್ಗದಲ್ಲೇ ಅಳೆದು ಹೊಸ ಚುಕ್ಕಿ ಇಟ್ಟರು. ಅದೇ ಚುಕ್ಕಿಯಿಂದ ನಮ್ಮವರು ಪೆನಾಲ್ಟಿ ಹೊಡೆದರು, ಗೆದ್ದರು, ಊರೆಲ್ಲ ಕುಣಿದರು. ಮಾರನೆಯ ದಿನ ಹಗ್ಗ ಬಿಸಿಲಿಗೆ ಒಣಗಿತು. ಸುಮ್ಮನೆ ಒಮ್ಮೆ ಎಳೆದು ನೋಡಿದರೆ ಕೆಂಪು ದಾರ ಚುಕ್ಕಿ ದಾಟಿ ಒಂದೂಕಾಲು ಅಡಿ ಹಿಂದೆ ಬಿತ್ತು. ಅಂದರೆ ನಮ್ಮವರು ಪೆನಾಲ್ಟಿ ಹೊಡೆದದ್ದು ಗೋಲಿಗೆ ಅಷ್ಟು ಹತ್ತಿರದಿಂದ.

"ನೆನೆದ್ರೆ ನೂಲಿನ ಹಗ್ಗ ಕುಗ್ಗತ್ತೆ ಅಂತ ನಂಗೆ ಗೊತ್ತಿಲ್ದೇ ಇಲ್ಲ. ಅವಸರ, ಅಷ್ಟೇ. ಕೋಚ್ ಸಾಹೇಬ್ರಿಗೆ ಹೇಳ್ದೆ. ತೆಪ್ಪಗಿರು ಅಂದ್ರು. ಇರೋಕಾಗ್ಲಿಲ್ಲ."

ಸೈಕಲ್ ಹತ್ತಿ ಸೇತುವೆ ದಾಟಿ, ಆಚೆಯ ಮೈದಾನ ನೋಡಿಕೊಳ್ಳುವವರ ಮುಂದೆ ಎಲ್ಲ ಹೇಳಿಬಿಟ್ಟರು. ಪಂದ್ಯ ಮತ್ತೆ ನಡೆಯಿತು. ನಮ್ಮವರು ಮೂರು ಗೋಲಿನಿಂದ ಸೋತರು. ಆ ವರ್ಷವೆಲ್ಲ ಹುಡುಗರು ಇವರನ್ನು ಮಾತಾಡಿಸಲಿಲ್ಲ. ಮಾತಾಡಿಸಿದವರು ಆಚೆಯ ಆ ಒಬ್ಬರೇ. ವಾರಕ್ಕೊಮ್ಮೆ ಬಂದು ಹುಲ್ಲಿನ ಮೇಲೆ ಕೂತು ಹರಟಿ ಹೋಗುತ್ತಿದ್ದರು. ಹರಟೆ ಎಷ್ಟು ಬೆಳೆಯಿತೆಂದರೆ ಅವರ ಮಗಳು ಈಗ ಹಗ್ಗದಣ್ಣನ ಸೊಸೆ.

ಅಂದಿನಿಂದ ಒಂದು ಪದ್ಧತಿ ಬಂದಿದೆ. ಶೀಲ್ಡ್ ಪಂದ್ಯ ಎಲ್ಲೇ ನಡೆಯಲಿ, ಬೀಗರಿಬ್ಬರೂ ತಮ್ಮ ತಮ್ಮ ಹಗ್ಗ ತಂದು ಚುಕ್ಕಿಗಳನ್ನು ಅಳೆಯಬೇಕು. ಟೇಪು ಇದ್ದರೂ ಇವರಿಗೆ ಹಗ್ಗವೇ ಆಗಬೇಕು. ಮನೆಯಲ್ಲಿ ಆ ಹಗ್ಗಕ್ಕೊಂದು ತಗಡಿನ ಡಬ್ಬಿ, ಡಬ್ಬಿಗೆ ಬೀರುವಿನಲ್ಲಿ ಜಾಗ. "ನನ್ನ ರೇಷ್ಮೆ ಸೀರೆಗಿಲ್ಲದ ಜೋಪಾನ ಅದಕ್ಕೆ" ಎಂದು ಅವರ ಹೆಂಡತಿ ನಗುತ್ತಾರೆ. ಪಂದ್ಯದ ದಿನ ಸೊಸೆ ಬೆಳಿಗ್ಗೆಯೇ ಹಸಿರು ದುಪಟ್ಟಾ ಹೊದ್ದು ತವರಿನ ಕಡೆ ಸೇರುತ್ತಾಳೆ. ಆರು ವರ್ಷದ ಮೊಮ್ಮಗಳು ಮಾತ್ರ ಯಾರ ಗೋಲಿಗೂ ಚಪ್ಪಾಳೆ ತಟ್ಟುವ ಜಾಣೆ.

ಇವತ್ತು ಮಧ್ಯಾಹ್ನದ ಶೀಲ್ಡ್ ಪಂದ್ಯಕ್ಕೆ ಮೈದಾನದ ಮೆಟ್ಟಿಲುಗಳೆಲ್ಲ ತುಂಬಿವೆ. ಹಗ್ಗದಣ್ಣ ಸುಣ್ಣದ ಗಾಡಿಗೆ ಒರಗಿ ನಿಂತಿದ್ದಾರೆ. ಎಂಬತ್ತಮೂರು ನಿಮಿಷ ಕಳೆದರೂ ಎರಡೂ ಕಡೆ ಸೊನ್ನೆ. ಆಗ ಉತ್ತರದ ಗೋಲಿನ ಮುಂದೆ ನಮ್ಮ ಹುಡುಗನೊಬ್ಬನನ್ನು ಆಚೆಯವರು ಕಾಲು ಕೊಟ್ಟು ಬೀಳಿಸುತ್ತಾರೆ. ಪೆನಾಲ್ಟಿ. ಅದೇ ಗೋಲು, ಅದೇ ಚುಕ್ಕಿ. ಆಚೆಯ ಕೋಚ್ ಎದ್ದು, ಹಳೆಯ ಕಥೆ ನೆನಪಿಸಿ, ಮತ್ತೊಮ್ಮೆ ಅಳೆಯಲೇಬೇಕೆಂದು ಪಟ್ಟು ಹಿಡಿಯುತ್ತಾರೆ. ಹಗ್ಗದಣ್ಣನ ಮುಖ ಸುಣ್ಣಕ್ಕಿಂತ ಬೆಳ್ಳಗಾಗುತ್ತದೆ. ನಾನೂ ಮೆಟ್ಟಿಲಿಳಿದು ಗೆರೆಯ ಹತ್ತಿರ ಹೋಗುತ್ತೇನೆ.

ಬೀಗರು ತಮ್ಮ ಹಗ್ಗ ತೆಗೆಯುತ್ತಾರೆ. ಕೆನ್ನೆಗೆ ಒತ್ತಿ ನೋಡುತ್ತಾರೆ. ಗೂಟ ನೆಟ್ಟು ನಿಧಾನವಾಗಿ ಎಳೆಯುತ್ತಾರೆ. ಅವರ ಹಸಿರು ದಾರ ಚುಕ್ಕಿಯ ನಟ್ಟನಡುವೆ ಬೀಳುತ್ತದೆ. ಅವರು ರೆಫರಿಗೆ ತಲೆಯಾಡಿಸಿ, ತಮ್ಮವರ ಮುಖ ನೋಡದೆ ಆಚೆ ಸರಿಯುತ್ತಾರೆ. ಕ್ಯಾಪ್ಟನ್ ಚೆಂಡಿಟ್ಟು ಹೊಡೆಯುತ್ತಾನೆ. ಬಲೆ ಅಲುಗಿದ ಮೇಲೆ ಮೈದಾನದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಮೊಮ್ಮಗಳು ಎಂದಿನಂತೆ ಚಪ್ಪಾಳೆ ತಟ್ಟುತ್ತಾಳೆ.

ಪಂದ್ಯ ಮುಗಿದ ಮೇಲೆ ಬೀಗರು ಬಂದು ಭುಜ ತಟ್ಟುತ್ತಾರೆ. "ನಿಮ್ಮ ಚುಕ್ಕಿ ಸರಿಯಾಗೇ ಇತ್ತು ಬೀಗ್ರೇ. ನಮ್ಮ ಗೋಲ್‌ಕೀಪರ್ರೇ ಸರಿ ಇರ್ಲಿಲ್ಲ."

ಕ್ಯಾಪ್ಟನ್ ಶೀಲ್ಡನ್ನು ತಂದು ಹಗ್ಗದಣ್ಣನ ಕೈಗೇ ಇಡುತ್ತಾನೆ. ಹಿತ್ತಾಳೆಯ ಮೇಲೆ ಐದೂ ಬೆರಳಿನ ಸುಣ್ಣ ಮೂಡುತ್ತದೆ. ಅವರು ಗಾಬರಿಯಾಗಿ ಅಂಗಿಯ ತುದಿಯಿಂದ ಒರೆಸಲು ಹೋದರೆ ಹುಡುಗರು ಬಿಡುವುದಿಲ್ಲ. ಈಗ ಖುಷಿಯಾಯಿತೇ ಎಂದು ನಾನು ಕೇಳುತ್ತೇನೆ. ಅವರು ಮೊದಲು ಹಗ್ಗ ಸುತ್ತಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚುತ್ತಾರೆ.

"ಅವತ್ತಿನ ಗೋಲು ನನ್ನ ಹಗ್ಗ ಹೊಡೆದದ್ದು. ಇವತ್ತಿಂದು ಹುಡುಗ್ರೇ ಹೊಡೆದದ್ದು."