ಬಡತನ ನೋಡುವ ಸಾಹೇಬರು

ನೆರವಿನ ಕಚೇರಿಯ ಸಾಹೇಬರ ಪಾಲಿಗೆ ಬಡತನವೆಂದರೆ ಕಣ್ಣಿಗೆ ರಾಚುವಂತಿರಬೇಕು. ಇಸ್ತ್ರಿ ಅಂಗಿ ತೊಟ್ಟು ನೆರವು ಕೇಳಲು ಬಂದವನಿಗೆ, "ಏನಪ್ಪಾ, ಮದುವೆಗೆ ಹೊರಟಿದ್ದೀಯಾ?" ಎಂದು ಬಾಗಿಲು ತೋರಿಸುತ್ತಾರೆ. ಕಂಕುಳಲ್ಲಿರುವ ಮಗು ನಕ್ಕರೂ ಸಾಕು, "ಹೊಟ್ಟೆ ತುಂಬಿರೋ ಮಗು ಇದು" ಎಂದು ತಾಯಿಯನ್ನು ಸಾಗಹಾಕುತ್ತಾರೆ. ಅದಕ್ಕೇ ಎದುರಿನ ಚಹಾದಂಗಡಿಯಾಕೆ ಮೊಳೆಯೊಂದಕ್ಕೆ ಹರಕು ಶಾಲು ನೇತುಹಾಕಿದ್ದಾಳೆ. ನೆರವು ಕೇಳುವವರೆಲ್ಲ ಸರದಿಯಂತೆ ಅದನ್ನೇ ಹೊದ್ದು ಒಳಗೆ ಹೋಗುತ್ತಾರೆ. ಸಾಹೇಬರು ಅದೇ ತೂತನ್ನು ಪ್ರತಿಸಲವೂ ಹೊಸದಾಗಿ ಕಂಡವರಂತೆ ಲೊಚಗುಟ್ಟಿ ಮಂಜೂರು ಮಾಡುತ್ತಾರೆ. ಚೆನ್ನಾಗಿ ಟೋಪಿ ಹಾಕಿದೆವೆಂದು ಹೊರಗೆ ನಗುವೋ ನಗು. ಮೊನ್ನೆ ಮಂಜೂರಾದ ಖುಷಿಯಲ್ಲಿ ಹೆಂಗಸೊಬ್ಬಳು, "ಮೊದಲು ಈ ಶಾಲು ಹೊಲಿಸ್ತೀನಿ ಸಾರ್" ಎಂದುಬಿಟ್ಟಳು. ಸಾಹೇಬರು ಮೇಲಧಿಕಾರಿಯ ಕೋಣೆಯತ್ತ ಓರೆಗಣ್ಣಲ್ಲಿ ನೋಡಿ, ದನಿ ತಗ್ಗಿಸಿದರು: "ಹೊಲಿಸಬೇಡಮ್ಮಾ, ನಾಳೆ ಬರೋರಿಗೂ ಬೇಕಲ್ಲ."